ಭತ್ತ ಕುಟ್ಟುವ ಕೀಲುಗೊಂಬೆ: ಹ್ಯಾಂಡಲ್ ತಿರುಗಿಸಿದರೆ ಒನಕೆ ಏಳುವ ಮರದ ಆಟಿಕೆ ಮಾಡುವ ಬಗೆ

ಒಂದೇ ಒರಳಿನಲ್ಲಿ ಇಬ್ಬರು ಹೆಂಗಸರು ಭತ್ತ ಕುಟ್ಟುವಾಗ ಒನಕೆಗಳು ಒಂದಕ್ಕೊಂದು ತಾಗುವುದೇ ಇಲ್ಲ. ಒಬ್ಬರದು ಮೇಲೆ ಹೋದಾಗ ಇನ್ನೊಬ್ಬರದು ಕೆಳಗೆ. ಒನಕೆ ನಿಧಾನವಾಗಿ ಏಳುತ್ತದೆ, ಮೇಲೆ ಒಂದು ಕ್ಷಣ ನಿಲ್ಲುತ್ತದೆ, ಆಮೇಲೆ ದಬಕ್ಕನೆ ಬೀಳುತ್ತದೆ. ಈ ಲಯವನ್ನು ಮರದಲ್ಲಿ ತರಬಹುದು. ಅದಕ್ಕೆ ಮೋಟಾರ್ ಬೇಡ, ಬ್ಯಾಟರಿ ಬೇಡ. ಒಂದು ಪೆಟ್ಟಿಗೆ, ಒಂದು ಶಾಫ್ಟ್ (ಅಡ್ಡಕ್ಕೆ ಕೂತು ತಿರುಗುವ ದುಂಡು ಕಡ್ಡಿ), ಎರಡು ಕ್ಯಾಮ್ (ಅದರ ಜೊತೆ ತಿರುಗುತ್ತಾ ಒನಕೆಯನ್ನು ಎತ್ತುವ ಮರದ ಬಿಲ್ಲೆ) ಸಾಕು. ಉಳಿದದ್ದನ್ನು ನಿಮ್ಮ ಕೈ ಮಾಡುತ್ತದೆ.

ಕೀಲುಗೊಂಬೆ ಮಾಡಲು ಹೊರಡುವವರು ಸಾಮಾನ್ಯವಾಗಿ ಮೊದಲು ಗೊಂಬೆಯ ಮುಖ ಕೆತ್ತುತ್ತಾರೆ. ನನ್ನ ಪ್ರಕಾರ ಮುಖಕ್ಕೆ ಕೊನೆಗೆ ಕೈ ಹಾಕಬೇಕು. ಗೊಂಬೆಗೆ ಜೀವ ಬರುವುದು ಯಾವಾಗ ಏಳುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಹೇಗೆ ಬೀಳುತ್ತದೆ ಅನ್ನುವುದರಿಂದ. ಅದೆಲ್ಲ ಇರುವುದು ಕ್ಯಾಮ್‌ನ ಅಂಚಿನಲ್ಲಿ. ಕಣ್ಣು, ಮೂಗು ಇಲ್ಲದ ಹಲಗೆಯ ತುಂಡು ಕೂಡ ಸರಿಯಾದ ಹೊತ್ತಿಗೆ ಒನಕೆ ಬಿಟ್ಟರೆ ಹೆಂಗಸಾಗಿಬಿಡುತ್ತದೆ.

ಇದು ನಮಗೆ ತೀರಾ ಹೊಸ ವಿದ್ಯೆಯೂ ಅಲ್ಲ. ಟಿಪ್ಪು ಸುಲ್ತಾನನ ಹುಲಿ ಇಂಥದ್ದೇ ಒಂದು ಯಂತ್ರ. ಬಿದ್ದ ಸೈನಿಕನ ಮೇಲೆ ಎರಗಿದ ಬಣ್ಣದ ಮರದ ಹುಲಿ. ಪಕ್ಕದ ಹ್ಯಾಂಡಲ್ ತಿರುಗಿಸಿದರೆ ಒಳಗಿನ ತಿದಿಗಳು ಗಾಳಿ ಊದುತ್ತವೆ, ಸೈನಿಕನ ಕೈ ಮೇಲೆ ಕೆಳಗೆ ಆಡುತ್ತದೆ, ಅವನ ನರಳಾಟ ಮತ್ತು ಹುಲಿಯ ಗುರುಗುಟ್ಟುವಿಕೆ ಕೇಳುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬ್ರಿಟಿಷರು ಅದನ್ನು ಕೊಂಡೊಯ್ದರು. ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಒಂದೇ ಹ್ಯಾಂಡಲ್‌ನಿಂದ ಕೈಯಾಟವೂ ಬಂತು, ಸದ್ದೂ ಬಂತು. ನಮ್ಮ ಗೊಂಬೆಯಲ್ಲೂ ಚಲನೆಯ ಜೊತೆಗೇ ಸದ್ದು ಹುಟ್ಟುತ್ತದೆ.

ಹುಲಿಯ ಕೀಲುಗಳು ಒಳಗೆ ಅಡಗಿವೆ. ಹವ್ಯಾಸಿಗಳಿಗೆ ಹೆಚ್ಚು ಪಾಠ ಹೇಳಿಕೊಡುವುದು ಕೀಲನ್ನು ತೋರಿಸುವ ಬಗೆ. ಇಂಗ್ಲೆಂಡಿನ ಫಾಲ್‌ಮತ್ ಊರಿನಲ್ಲಿ 1979ರಲ್ಲಿ ಸಣ್ಣ ಅಂಗಡಿಯಾಗಿ ಶುರುವಾದ ಕ್ಯಾಬರೆ ಮೆಕ್ಯಾನಿಕಲ್ ಥಿಯೇಟರ್ ಈ ಬಗೆಯನ್ನು ಜನಪ್ರಿಯ ಮಾಡಿತು. ಪಾಲ್ ಸ್ಪೂನರ್, ಪೀಟರ್ ಮಾರ್ಕಿಯಂಥವರ ಗೊಂಬೆಗಳಲ್ಲಿ ಮೇಲೆ ಕತೆ ನಡೆಯುತ್ತದೆ, ಕೆಳಗೆ ಅದರ ಕಾರಣ ಬಿಚ್ಚಿಟ್ಟಂತೆ ಕಾಣುತ್ತದೆ. ನಾವೂ ಪೆಟ್ಟಿಗೆಯ ಮುಂಭಾಗವನ್ನು ತೆರೆದೇ ಬಿಡೋಣ.

ಕೆಲಸ ಹೇಗೆ ನಡೆಯುತ್ತದೆ

ಪೆಟ್ಟಿಗೆಯೊಳಗೆ ಎಡದಿಂದ ಬಲಕ್ಕೆ ಒಂದು ಶಾಫ್ಟ್. ಅದರ ಮೇಲೆ ಎರಡು ಕ್ಯಾಮ್. ಒಂದೊಂದು ಕ್ಯಾಮ್‌ನ ಮೇಲೂ ಒಂದೊಂದು ಒನಕೆಯ ಬುಡ ಕೂತಿರುತ್ತದೆ. ಒನಕೆ ಅಲ್ಲಿಂದ ಮುಚ್ಚಳದ ತೂತು ದಾಟಿ, ಒರಳಿನ ತೂತು ದಾಟಿ ಮೇಲೆ ಬರುತ್ತದೆ. ಅಂದರೆ ಹೊರಗೆ ಕಾಣುವ ಒನಕೆಯೇ ಒಳಗಿನ ತಳ್ಳುಕೋಲು. ಬೇರೆ ಲಿಂಕ್, ತಂತಿ ಏನೂ ಇಲ್ಲ. ಒನಕೆ ಎದ್ದರೆ ಅದಕ್ಕೆ ಸಿಕ್ಕಿಸಿದ ಕೈಗಳೂ ಏಳುತ್ತವೆ. ನಿಜವಾಗಿ ನೋಡಿದರೆ ಇಲ್ಲಿ ಒನಕೆಯೇ ಹೆಂಗಸಿನ ಕೈಯನ್ನು ಎತ್ತುತ್ತದೆ. ಆದರೆ ನೋಡುವವರಿಗೆ ಹೆಂಗಸೇ ಎತ್ತಿದ ಹಾಗೆ ಕಾಣುತ್ತದೆ.

ಕ್ಯಾಮ್‌ನ ಆಕಾರ ಬಸವನಹುಳುವಿನ ಚಿಪ್ಪಿನ ಹಾಗೆ. ನಡುವಿನಿಂದ ಅಂಚಿಗೆ ಇರುವ ದೂರ ಸುತ್ತುತ್ತಾ ಸುತ್ತುತ್ತಾ ಹೆಚ್ಚುತ್ತದೆ, ಕೊನೆಗೆ ಒಮ್ಮೆಗೇ ಕಡಿದು ಮೊದಲಿನ ಜಾಗಕ್ಕೆ ಬರುತ್ತದೆ. ಆ ಕಡಿದ ಜಾಗದಲ್ಲಿ ಒನಕೆ ಬೀಳುತ್ತದೆ.

ಮರ ಮತ್ತು ಸಾಮಾನು

ಪೆಟ್ಟಿಗೆಗೆ ತೇಗ, ಸಿಲ್ವರ್ ಓಕ್, ಪ್ಯಾಕಿಂಗ್ ಪೆಟ್ಟಿಗೆಯ ಪೈನ್, ಯಾವುದಾದರೂ ನಡೆಯುತ್ತದೆ. ಬಡಗಿಯ ಅಂಗಡಿಯಲ್ಲಿ ಚೂರುಪಾರು ಕೇಳಿದರೆ ಅಗ್ಗಕ್ಕೆ ಸಿಗುತ್ತದೆ. ಹಲಗೆ ಸೊಟ್ಟಗಾಗಿರಬಾರದು, ಚೆನ್ನಾಗಿ ಒಣಗಿರಬೇಕು. ಅಷ್ಟೇ.

ಕ್ಯಾಮ್‌ಗೆ ಮಾತ್ರ ಇಡೀ ಮರದ ಹಲಗೆ ಬೇಡ, 12 ಮಿ.ಮೀ. ಪ್ಲೈವುಡ್ ಬೇಕು. ಕಾರಣ ಇದೆ. ಹಲಗೆಯಲ್ಲಿ ಮರದ ಎಳೆ ಒಂದೇ ದಿಕ್ಕಿಗೆ ಓಡುತ್ತದೆ. ಅದರಲ್ಲಿ ಕ್ಯಾಮ್ ಕತ್ತರಿಸಿದರೆ ಅಂಚು ಎಲ್ಲ ಕಡೆ ಒಂದೇ ಸಮನಾಗಿ ಸವೆಯುವುದಿಲ್ಲ, ಚೂಪಾದ ಮೂಲೆ ಎಳೆಯ ಉದ್ದಕ್ಕೆ ಸೀಳಿ ಹಾರಿಹೋಗುತ್ತದೆ. ಆ ಮೂಲೆಯೇ ನಮ್ಮ ಗೊಂಬೆಯ ಪ್ರಾಣ. ಪ್ಲೈವುಡ್‌ನಲ್ಲಿ ಪದರಗಳು ಅಡ್ಡಡ್ಡ ಅಂಟಿರುವುದರಿಂದ ಎಲ್ಲ ಕಡೆಯೂ ಸರಿಸುಮಾರು ಒಂದೇ ಬಲ. ಒಳಗೆ ಟೊಳ್ಳು ಇರುವ ಅಗ್ಗದ ಪ್ಲೈ ತಗೋಬೇಡಿ. ಅಂಚು ನೋಡಿದರೆ ಟೊಳ್ಳು ಗೊತ್ತಾಗುತ್ತದೆ.

ಗೊಂಬೆ ಮತ್ತು ಒರಳಿಗೆ ಆಲೆ ಮರ ಸಿಕ್ಕಿದರೆ ಅದೃಷ್ಟ. ಚನ್ನಪಟ್ಟಣದವರು ಆಟಿಕೆಗೆ ಬಳಸುವುದು ಇದನ್ನೇ. ಬಿಳಿಬಣ್ಣ, ನಯವಾದ ಎಳೆ, ಉಳಿಗೆ ಸುಲಭವಾಗಿ ಒಗ್ಗುತ್ತದೆ. ಸಿಗದಿದ್ದರೆ ರಬ್ಬರ್ ಮರ, ಪೈನ್ ಆದೀತು.

ದುಂಡು ಕಡ್ಡಿ ಎರಡು ಅಳತೆಯಲ್ಲಿ ಬೇಕು: ಶಾಫ್ಟ್‌ಗೆ 10 ಮಿ.ಮೀ., ಒನಕೆಗೆ 8 ಮಿ.ಮೀ. ಅಂಗಡಿಯಲ್ಲೇ ಕಡ್ಡಿಯನ್ನು ಗಾಜಿನ ಮೇಲೋ ಸಮವಾದ ನೆಲದ ಮೇಲೋ ಉರುಳಿಸಿ ನೋಡಿ. ಕುಪ್ಪಳಿಸಿದರೆ ಬಾಗಿದೆ ಅಂತ ಅರ್ಥ, ಬಿಟ್ಟುಬಿಡಿ.

ಕತ್ತರಿಸಬೇಕಾದ ತುಂಡುಗಳು ಇವು. ಅಳತೆಯೆಲ್ಲ ಮಿ.ಮೀ.ನಲ್ಲಿದೆ.

- ತಳ ಮತ್ತು ಮುಚ್ಚಳ: 204 × 100 × 12, ಎರಡು
- ಪಕ್ಕದ ಹಲಗೆ: ಎತ್ತರ 110, ಅಗಲ 100, ದಪ್ಪ 12, ಎರಡು
- ಹಿಂಬದಿ: 204 × 134, ತೆಳು ಪ್ಲೈ
- ಶಾಫ್ಟ್: 10ರ ಕಡ್ಡಿ, ಉದ್ದ 240
- ಒನಕೆ: 8ರ ಕಡ್ಡಿ, ಉದ್ದ 210, ಎರಡು
- ಕ್ಯಾಮ್: 90 × 90 ಪ್ಲೈವುಡ್, ಎರಡು
- ಒರಳು: ಎತ್ತರ 35, ಅಡ್ಡಳತೆ 60ರ ದುಂಡು ಮರ
- ಗೊಂಬೆಯ ಮೈ: 140 × 50 × 12, ಎರಡು
- ಕೈ: 60 × 10 × 5, ನಾಲ್ಕು
- ಹ್ಯಾಂಡಲ್: 75 × 22 × 15, ಜೊತೆಗೆ ಬೆರಳಲ್ಲಿ ಹಿಡಿಯಲು ಒಂದು ಗೂಟ

ಇದರ ಜೊತೆ 10ರ ಬೋಲ್ಟಿಗೆ ಹಾಕುವ ಕಬ್ಬಿಣದ ನಟ್ ನಾಲ್ಕು, ಹಳೆ ಸೈಕಲ್ ಸ್ಪೋಕ್ ಒಂದೆರಡು, ಬಿದಿರಿನ ಕಡ್ಡಿ, ಫೆವಿಕಾಲ್, ಅರಾಲ್ಡೈಟ್, ಒಂದು ಮೇಣದಬತ್ತಿ. ಉಪಕರಣಗಳಲ್ಲಿ ಸಣ್ಣ ಹಲ್ಲಿನ ಗರಗಸ, ಬಾಗಿದ ಅಂಚು ಕೊಯ್ಯಲು ಕೋಪಿಂಗ್ ಸಾ, ಡ್ರಿಲ್, ಅರ, ಮೂಲೆಮಟ್ಟ, ಕೈವಾರ, ಕೋನಮಾಪಕ, ಎರಡು ಕ್ಲಾಂಪ್, 80ರಿಂದ 220ರವರೆಗಿನ ಉಪ್ಪು ಕಾಗದ. ಪ್ಲೈ ಉಜ್ಜುವಾಗ ಮಾಸ್ಕ್ ಹಾಕಿಕೊಳ್ಳಿ. ಆ ಪುಡಿಯಲ್ಲಿ ಅಂಟಿನ ಅಂಶವೂ ಇರುತ್ತದೆ.

ಮೊದಲು ರಟ್ಟಿನಲ್ಲಿ

ಮರ ಮುಟ್ಟುವ ಮೊದಲು ಚಪ್ಪಲಿ ಡಬ್ಬಿಯಲ್ಲಿ ಒಂದು ಮಾದರಿ ಮಾಡಿ. ಇದನ್ನು ಬಿಡಲೇಬೇಡಿ. ಎರಡು ಪದರ ರಟ್ಟು ಅಂಟಿಸಿ ಕ್ಯಾಮ್ ಕತ್ತರಿಸಿ. ಬಿದಿರು ಕಡ್ಡಿಯೇ ಶಾಫ್ಟ್. ಇನ್ನೊಂದು ಕಡ್ಡಿ ಒನಕೆ. ಅದು ಓಡಾಡಲು ಡಬ್ಬಿಯ ಮೇಲ್ಭಾಗದಲ್ಲಿ ಸ್ಟ್ರಾ ತುಂಡು ಸಿಕ್ಕಿಸಿ. ತಿರುಗಿಸಿ ನೋಡಿ.

ಇಲ್ಲಿ ಒಂದು ಆಟ ಆಡಿ. ಮೊದಲು ಸುಮ್ನೆ ಒಂದು ದುಂಡು ಬಿಲ್ಲೆ ಕತ್ತರಿಸಿ, ತೂತನ್ನು ನಡುವಿಗೆ ಹಾಕದೆ ಪಕ್ಕಕ್ಕೆ ಹಾಕಿ. ಒನಕೆ ಏಳುತ್ತದೆ, ಇಳಿಯುತ್ತದೆ, ಆದರೆ ಭತ್ತ ಕುಟ್ಟಿದ ಹಾಗೆ ಕಾಣುವುದಿಲ್ಲ. ಯಾರೋ ಸೌದೆ ಕೋಲನ್ನು ಎತ್ತಿ ಇಳಿಸಿದ ಹಾಗಿರುತ್ತದೆ. ಆಮೇಲೆ ಅದೇ ಜಾಗಕ್ಕೆ ಚಿಪ್ಪಿನಾಕಾರದ ಕ್ಯಾಮ್ ಹಾಕಿ. ಒಮ್ಮೆಗೇ ಕುಟ್ಟುವ ಕೆಲಸ ಶುರುವಾಗುತ್ತದೆ. ಎರಡನ್ನೂ ಕೈಯಾರೆ ತಿರುಗಿಸಿ ನೋಡಿದ ಮೇಲೆ ಕ್ಯಾಮ್ ಅಂದರೆ ಏನು ಅಂತ ಯಾರೂ ವಿವರಿಸಬೇಕಾಗಿಲ್ಲ.

ಕ್ಯಾಮ್ ಬರೆಯುವುದು

ಇಡೀ ಕೆಲಸದಲ್ಲಿ ಹೆಚ್ಚು ಗಮನ ಬೇಡುವುದು ಇದೊಂದೇ.

ಕಾಗದದ ಮೇಲೆ ಒಂದು ಚುಕ್ಕಿ ಇಡಿ. ಅಲ್ಲಿಂದ ಗಡಿಯಾರದ ಮುಖದ ಹಾಗೆ 12 ಗೆರೆ ಎಳೆಯಿರಿ, ಒಂದೊಂದಕ್ಕೂ 30 ಡಿಗ್ರಿ ಅಂತರ. ಮೊದಲ ಗೆರೆಯ ಮೇಲೆ ನಡುವಿನಿಂದ 18 ಮಿ.ಮೀ. ದೂರದಲ್ಲಿ ಗುರುತು ಮಾಡಿ. ಎರಡನೆಯದರ ಮೇಲೆ 20. ಮೂರನೆಯದರ ಮೇಲೆ 22. ಹೀಗೆ ಎರಡೆರಡು ಮಿ.ಮೀ. ಏರಿಸುತ್ತಾ ಹೋದರೆ ಹನ್ನೆರಡನೆಯ ಗೆರೆಯ ಮೇಲೆ 40ಕ್ಕೆ ಬರುತ್ತೀರಿ. ಗುರುತುಗಳನ್ನು ನಯವಾದ ಬಾಗುಗೆರೆಯಿಂದ ಕೂಡಿಸಿ.

ಈಗ ಹನ್ನೆರಡನೆಯ ಗೆರೆಯಿಂದ ಮತ್ತೆ ಮೊದಲ ಗೆರೆಯವರೆಗೆ 30 ಡಿಗ್ರಿ ಉಳಿಯಿತು. ಆ ಭಾಗವನ್ನು ಕೈವಾರದಿಂದ 40 ಮಿ.ಮೀ.ಗೇ ಎಳೆಯಿರಿ, ಏರಿಸಬೇಡಿ. ಇಷ್ಟು ಹೊತ್ತು ಒನಕೆ ಮೇಲೆ ಸುಮ್ನೆ ನಿಂತಿರುತ್ತದೆ. ಕುಟ್ಟುವವರು ಒನಕೆಯನ್ನು ಮೇಲೆ ಎತ್ತಿ, ಹಿಡಿತ ಸರಿಮಾಡಿಕೊಂಡು ಬಿಡುವ ಆ ಒಂದು ಕ್ಷಣ ಇದು. ಇದನ್ನು ತೆಗೆದುಹಾಕಿದರೆ ಗೊಂಬೆ ಬರೀ ಯಂತ್ರವಾಗುತ್ತದೆ. ಕೊನೆಗೆ ಮೊದಲ ಗೆರೆಯ ಮೇಲೆ 40ರಿಂದ 18ಕ್ಕೆ ನೇರವಾಗಿ ಇಳಿಯಿರಿ. ಒನಕೆ ಬೀಳುವ ಎತ್ತರ 22 ಮಿ.ಮೀ. ಆಯಿತು.

ಆ ಇಳಿಯುವ ಗೆರೆಯನ್ನು ಒಂಚೂರು ಒಳಮುಖವಾಗಿ ಕೊರೆಯಿರಿ. ಅಂದರೆ ಮೇಲಿನ ಮೂಲೆ ತುಸು ಚಾಚಿಕೊಂಡಿರಲಿ, ಗೋಡೆ ಅದರ ಹಿಂದೆ ಎರಡು ಮಿ.ಮೀ.ನಷ್ಟು ಸರಿದಿರಲಿ. ಆಗ ಬೀಳುವ ಒನಕೆ ಗೋಡೆಗೆ ಉಜ್ಜುವುದಿಲ್ಲ.

ದಿಕ್ಕಿನ ವಿಚಾರ ಇಲ್ಲೇ ತೀರ್ಮಾನ ಮಾಡಿ. ಹ್ಯಾಂಡಲ್ ಪೆಟ್ಟಿಗೆಯ ಬಲಗಡೆ ಇದ್ದರೆ ಜನ ತಾವಾಗಿಯೇ ಗಡಿಯಾರದ ದಿಕ್ಕಿಗೆ ತಿರುಗಿಸುತ್ತಾರೆ. ಹಾಗಾಗಿ ಹ್ಯಾಂಡಲ್ ಕಡೆಯಿಂದ ನೋಡಿದಾಗ ಕ್ಯಾಮ್‌ನ ಅಳತೆ ಗಡಿಯಾರದ ವಿರುದ್ಧ ದಿಕ್ಕಿಗೆ ಏರುತ್ತಾ ಹೋಗಬೇಕು. ಉಲ್ಟಾ ಇಟ್ಟು ತಿರುಗಿಸಿದರೆ ಕಡಿದ ಗೋಡೆ ಒನಕೆಗೆ ಗುದ್ದಿ ಎಲ್ಲ ನಿಂತುಹೋಗುತ್ತದೆ. ಜೋರು ಮಾಡಿದರೆ ಮುರಿಯುತ್ತದೆ.

ನಕ್ಷೆಯನ್ನು ಪ್ಲೈಗೆ ಅಂಟಿಸಿ. ಎರಡು ತುಂಡನ್ನು ಎರಡು ಬದಿಯ ಟೇಪ್‌ನಿಂದ ಒಂದರ ಮೇಲೊಂದು ಕೂಡಿಸಿ ಒಟ್ಟಿಗೇ ಕತ್ತರಿಸಿದರೆ ಎರಡೂ ಕ್ಯಾಮ್ ಒಂದೇ ಥರ ಬರುತ್ತವೆ. ಮೊದಲು ನಡುವಿನ 10ರ ತೂತು ಕೊರೆಯಿರಿ, ಆಮೇಲೆ ಅಂಚು ಕೊಯ್ಯಿರಿ. ಗೆರೆಯ ಹೊರಗೆ ಒಂದು ಮಿ.ಮೀ. ಬಿಟ್ಟು ಕೊಯ್ದು, ಉಳಿದದ್ದನ್ನು ಅರದಿಂದ ಇಳಿಸಿ. ಕಣ್ಣು ಮುಚ್ಚಿ ಅಂಚಿನ ಮೇಲೆ ಬೆರಳು ಓಡಿಸಿ. ಕಣ್ಣಿಗೆ ಕಾಣದ ಉಬ್ಬುತಗ್ಗು ಬೆರಳಿಗೆ ಸಿಗುತ್ತದೆ. ಬೆರಳಿಗೆ ಸಿಕ್ಕಿದ್ದು ಒನಕೆಗೂ ಸಿಗುತ್ತದೆ. 220ರ ಕಾಗದದಲ್ಲಿ ಉಜ್ಜಿ ಮುಗಿಸಿ, ಅಂಚಿಗೆ ಮೇಣದಬತ್ತಿ ತಿಕ್ಕಿ, ಬಟ್ಟೆಯಿಂದ ಹೊಳಪು ಬರುವವರೆಗೆ ಒರೆಸಿ.

ಪೆಟ್ಟಿಗೆ ಮತ್ತು ಶಾಫ್ಟ್

ಪಕ್ಕದ ಎರಡು ಹಲಗೆಯನ್ನು ಕ್ಲಾಂಪ್ ಹಾಕಿ ಒಟ್ಟಿಗೆ ಹಿಡಿದು, ಎರಡಕ್ಕೂ ಒಂದೇ ಸಲ ತೂತು ಕೊರೆಯಿರಿ. ತೂತಿನ ನಡು ಕೆಳಗಿನ ಅಂಚಿನಿಂದ 48 ಮಿ.ಮೀ. ಮೇಲೆ, ಅಗಲದಲ್ಲಿ ಸರಿಯಾಗಿ ನಡುವೆ, ಅಂದರೆ 50ರಲ್ಲಿ ಇರಲಿ. ಬೇರೆ ಬೇರೆಯಾಗಿ ಕೊರೆದರೆ ಶಾಫ್ಟ್ ಓರೆಯಾಗುವುದು ಗ್ಯಾರಂಟಿ.

ತೂತು 10.5 ಇರಬೇಕು. ಆ ಬಿಟ್ ಸಿಗದಿದ್ದರೆ 10ರಲ್ಲಿ ಕೊರೆದು, ಪೆನ್ಸಿಲ್‌ಗೆ ಉಪ್ಪು ಕಾಗದ ಸುತ್ತಿ ಒಳಗೆ ತಿಕ್ಕಿ. ಶಾಫ್ಟ್ ಹಾಕಿ ಬೆರಳಿನಿಂದ ಒಮ್ಮೆ ತಿರುಗಿಸಿ ಬಿಟ್ಟರೆ ಒಂದೆರಡು ಸುತ್ತಾದರೂ ತಾನಾಗಿ ಓಡಬೇಕು.

ಕರಾವಳಿ, ಮಲೆನಾಡಿನವರು ಇನ್ನೂ ಸ್ವಲ್ಪ ಸಡಿಲ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಮರ ತೇವ ಹೀರಿ ಎಳೆಗೆ ಅಡ್ಡವಾಗಿ ಉಬ್ಬುತ್ತದೆ. ಕಡ್ಡಿ ದಪ್ಪಗಾಗುತ್ತದೆ, ತೂತು ಮೊಟ್ಟೆಯ ಆಕಾರಕ್ಕೆ ಬರುತ್ತದೆ. ಬೇಸಿಗೆಯಲ್ಲಿ ಮಾಡಿದ ಗೊಂಬೆ ಆಷಾಢದಲ್ಲಿ ಬಿಗಿದುಕೊಳ್ಳುವುದು ಇದಕ್ಕೇ. ಕಾಲು ಮಿ.ಮೀ. ಜಾಸ್ತಿ ಇದ್ದರೆ ಏನೂ ಕೆಡುವುದಿಲ್ಲ.

ಪಕ್ಕದ ಹಲಗೆಗಳನ್ನು ತಳದ ಎರಡು ತುದಿಯ ಮೇಲೆ ನಿಲ್ಲಿಸಿ, ಬಲಗಡೆಯದಕ್ಕೆ ಫೆವಿಕಾಲ್ ಮತ್ತು ಸ್ಕ್ರೂ, ಎಡಗಡೆಯದಕ್ಕೆ ಬರೀ ಸ್ಕ್ರೂ ಹಾಕಿ. ಕ್ಯಾಮ್ ಕೂರಿಸುವಾಗ ಎಡಗಡೆಯದನ್ನು ಬಿಚ್ಚಬೇಕಾಗುತ್ತದೆ. ಒಳಗೆ 180 ಮಿ.ಮೀ. ಜಾಗ ಸಿಗುತ್ತದೆ. ಮೂಲೆಮಟ್ಟದಿಂದ ನೋಡಿ, ಹಿಂಬದಿಯ ಪ್ಲೈ ಹೊಡೆಯಿರಿ, ಎಡಗಡೆಯ ಹಲಗೆಗೆ ಮಾತ್ರ ಅದನ್ನೂ ಸ್ಕ್ರೂನಿಂದ ಹಿಡಿಸಿ. ಪೆಟ್ಟಿಗೆ ಅಲುಗಾಡದ ಹಾಗೆ ಹಿಡಿಯುವುದು ಆ ತೆಳು ಪ್ಲೈಯೇ. ಮುಚ್ಚಳಕ್ಕೂ ಅಂಟು ಹಾಕಬೇಡಿ, ಬರೀ ಸ್ಕ್ರೂ ಸಾಕು. ರಿಪೇರಿಗೆ ಬಿಚ್ಚಬೇಕಾಗುತ್ತದೆ.

ಒರಳು ಮತ್ತು ಒನಕೆ

ಒರಳಿಗೆ ಲೇಥ್ (ಮರವನ್ನು ಸುತ್ತಿಸುತ್ತಾ ಕಡೆಯುವ ಯಂತ್ರ) ಇದ್ದರೆ ಸರಿ. ಇಲ್ಲದಿದ್ದರೆ ಚೌಕದ ಮರದ ಮೂಲೆಗಳನ್ನು ಕೊಯ್ದು, ಅರದಿಂದ ದುಂಡು ಮಾಡಿ. ಮೇಲ್ಭಾಗವನ್ನು ಬಾಗಿದ ಉಳಿಯಿಂದ ಬಟ್ಟಲಿನ ಹಾಗೆ ಸ್ವಲ್ಪ ತೋಡಿ. ಅದನ್ನು ಮುಚ್ಚಳದ ನಡುವೆ ಅಂಟಿಸಿ, ಅಂಟು ಒಣಗಿದ ಮೇಲೆ ಒರಳು, ಮುಚ್ಚಳ ಎರಡನ್ನೂ ಸೇರಿಸಿ ಎರಡು ತೂತು ಕೊರೆಯಿರಿ. ತೂತುಗಳ ನಡುವೆ 30 ಮಿ.ಮೀ. ದೂರ. ಎರಡೂ ಶಾಫ್ಟ್‌ನ ನೇರ ಮೇಲೆ ಬರಬೇಕು. ಡ್ರಿಲ್ ನೆಟ್ಟಗೆ ಹಿಡಿಯುವುದು ಇಲ್ಲಿ ತುಂಬಾ ಮುಖ್ಯ. ಡ್ರಿಲ್ ಸ್ಟ್ಯಾಂಡ್ ಇರುವ ಬಡಗಿಯ ಹತ್ತಿರ ಇದೊಂದನ್ನು ಕೊರೆಸಿಕೊಂಡರೂ ಆಯಿತು.

ಒರಳು ಇಲ್ಲಿ ಅಲಂಕಾರಕ್ಕೆ ಮಾತ್ರ ಇಲ್ಲ. ಬರೀ 12 ಮಿ.ಮೀ. ಮುಚ್ಚಳದ ತೂತಿನಲ್ಲಿ ಕಡ್ಡಿ ಆ ಕಡೆ ಈ ಕಡೆ ವಾಲುತ್ತದೆ, ವಾಲಿದರೆ ಸಿಕ್ಕಿಕೊಳ್ಳುತ್ತದೆ. ಒರಳೂ ಸೇರಿದರೆ ದಾರಿ ಉದ್ದವಾಗುತ್ತದೆ, ಒನಕೆ ನೆಟ್ಟಗೆ ಓಡುತ್ತದೆ. ತೂತು ಕಡ್ಡಿಗಿಂತ ಅರ್ಧ ಮಿ.ಮೀ. ದೊಡ್ಡದಿರಲಿ.

ಒನಕೆಯ ಬುಡವನ್ನು ಅರ್ಧಗೋಳದಂತೆ ದುಂಡಗೆ ಉಜ್ಜಿ. ಚಪ್ಪಟೆ ಬಿಲ್ಲೆ ಅಂಟಿಸುವ ರೂಢಿ ಇದೆ, ಈ ಕೆಲಸಕ್ಕೆ ಅದು ಬೇಡ. ಅಗಲವಾದ ಬಿಲ್ಲೆಯ ಕೆಳಗೆ ಕ್ಯಾಮ್‌ನ ಮೂಲೆ ಜಾರಿ ಹೊರಬರಲು ಹೊತ್ತು ಹಿಡಿಯುತ್ತದೆ. ಒನಕೆ ಬೀಳುವ ಬದಲು ಇಳಿಯುತ್ತದೆ. ಬುಡ ಕಿರಿದಾದಷ್ಟೂ ಬೀಳುವಿಕೆ ಚುರುಕು.

ಇನ್ನು ಭಾರ. 8 ಮಿ.ಮೀ. ಕಡ್ಡಿ ಹತ್ತು ಗ್ರಾಂ ಕೂಡ ತೂಗುವುದಿಲ್ಲ. ಕೈಗಳ ಉಜ್ಜಾಟವನ್ನು ಮೀರಿ ಬೀಳಲು ಅದಕ್ಕೆ ಶಕ್ತಿ ಸಾಲದು. ಅದಕ್ಕೇ ಆ ನಟ್‌ಗಳು. ಒಂದೊಂದು ಒನಕೆಯ ಬುಡದಿಂದ 3 ಮಿ.ಮೀ. ಬಿಟ್ಟು ಎರಡೆರಡು ನಟ್ ತೂರಿಸಿ ಅರಾಲ್ಡೈಟ್‌ನಿಂದ ಕೂರಿಸಿ. ಅವು ಪೆಟ್ಟಿಗೆಯೊಳಗೇ ಇರುತ್ತವೆ. ಒನಕೆ ಪೂರ್ತಿ ಎದ್ದಾಗಲೂ ನಟ್ ಮುಚ್ಚಳಕ್ಕೆ ತಾಗದಷ್ಟು ಜಾಗ ಈ ಅಳತೆಯಲ್ಲಿದೆ. ಮೂರನೆಯದು ಹಾಕಲು ಹೋಗಬೇಡಿ, ತಾಗುತ್ತದೆ.

ಕೈ ಹಿಡಿಯುವ ಜಾಗಕ್ಕೆ, ಒನಕೆಯ ಬುಡದಿಂದ 145 ಮಿ.ಮೀ. ಮೇಲೆ, ಸೈಕಲ್ ಸ್ಪೋಕ್ ಬಿಗಿಯಾಗಿ ಕೂರುವ 2 ಮಿ.ಮೀ. ಅಡ್ಡ ತೂತು ಕೊರೆಯಿರಿ.

ಹೆಂಗಸರು

ಪಕ್ಕದಿಂದ ನೋಡಿದ ಆಕಾರವನ್ನು ಹಲಗೆಯ ಮೇಲೆ ಬರೆದು ಕೊಯ್ಯಿರಿ. ಸೊಂಟ ತುಸು ಬಾಗಿರಲಿ, ತಲೆ ಒರಳಿನ ಕಡೆಗೆ ವಾಲಿರಲಿ, ಎತ್ತಿ ಕಟ್ಟಿದ ಸೀರೆ, ತುರುಬು. ನೆಟ್ಟಗೆ ನಿಂತ ಹೆಂಗಸು ಭತ್ತ ಕುಟ್ಟುವ ಹಾಗೆ ಕಾಣುವುದಿಲ್ಲ. ಮೂಲೆಗಳನ್ನು ಚಾಕುವಿನಿಂದ ಮೃದು ಮಾಡಿದರೆ ಸಾಕು. ಕಣ್ಣು, ಬಾಯಿ ಬಿಡಿಸಲೇಬೇಕು ಅಂತಿಲ್ಲ.

ಭುಜದ ತೂತು ಮುಚ್ಚಳದಿಂದ 100 ಮಿ.ಮೀ. ಎತ್ತರದಲ್ಲಿ ಬರಬೇಕು. ಒನಕೆಯ ಪಿನ್ ಅದಕ್ಕಿಂತ 11 ಮಿ.ಮೀ. ಕೆಳಗಿನಿಂದ 11 ಮಿ.ಮೀ. ಮೇಲಿನವರೆಗೆ ಓಡಾಡುತ್ತದೆ. ಹೀಗೆ ಭುಜದ ಮಟ್ಟದ ಎರಡೂ ಕಡೆ ಸಮವಾಗಿ ಹಂಚಿದರೆ ಕೈ ಸಹಜವಾಗಿ ಆಡುತ್ತದೆ.

ಕೈಯಲ್ಲಿ ಎರಡು ತೂತು, ನಡುವೆ 45 ಮಿ.ಮೀ. ಭುಜದ ಕಡೆ ದುಂಡು ತೂತು. ಹಸ್ತದ ಕಡೆ ಮಾತ್ರ ಉದ್ದನೆಯ ಸೀಳು ಬೇಕು, 2.5 ಅಗಲ, 5 ಉದ್ದ. ಒನಕೆ ನೇರ ಗೆರೆಯಲ್ಲಿ ಓಡುತ್ತದೆ, ಕೈ ಮಾತ್ರ ಭುಜದ ಸುತ್ತ ಕಮಾನಿನಲ್ಲಿ ತಿರುಗುತ್ತದೆ. ಎರಡರ ದಾರಿಯಲ್ಲಿ ಒಂದು ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ ವ್ಯತ್ಯಾಸ ಬರುತ್ತದೆ. ಸೀಳು ಆ ವ್ಯತ್ಯಾಸವನ್ನು ನುಂಗಿಕೊಳ್ಳುತ್ತದೆ. ದುಂಡು ತೂತು ಇಟ್ಟರೆ ಒನಕೆ ಅರ್ಧದಲ್ಲೇ ಸಿಕ್ಕಿಬೀಳುತ್ತದೆ. ಪಕ್ಕಪಕ್ಕ ಎರಡು ತೂತು ಕೊರೆದು ಸಣ್ಣ ಅರದಿಂದ ಕೂಡಿಸಿದರೆ ಸೀಳು ಸಿದ್ಧ.

ಪಿನ್‌ಗಳ ವಿಚಾರದಲ್ಲಿ ಒಂದು ನಿಯಮ ಎಲ್ಲ ಕಡೆ ನಡೆಯುತ್ತದೆ: ನಡುವಿನ ತುಂಡಿನಲ್ಲಿ ಬಿಗಿ, ಹೊರಗಿನ ತುಂಡುಗಳಲ್ಲಿ ಸಡಿಲ. ಭುಜದ ಪಿನ್ ಮೈಯಲ್ಲಿ ಬಿಗಿಯಾಗಿರಲಿ, ಕೈಗಳಲ್ಲಿ ಆರಾಮಾಗಿ ತಿರುಗಲಿ. ಒನಕೆಯ ಪಿನ್ ಒನಕೆಯಲ್ಲಿ ಬಿಗಿ, ಹಸ್ತದಲ್ಲಿ ಸಡಿಲ. ಪಿನ್ ತುದಿಗೆ ಒಂದು ಸಣ್ಣ ಮಣಿ ಅಂಟಿಸಿದರೆ ಕೈ ಕಳಚುವುದಿಲ್ಲ, ನೋಡಲು ಬಳೆಯಂತೆಯೂ ಇರುತ್ತದೆ.

ಜೋಡಣೆ

ಮೊದಲ ಸಲ ಎಲ್ಲವನ್ನೂ ಅಂಟಿಲ್ಲದೆ ಜೋಡಿಸಿ. ಶಾಫ್ಟನ್ನು ಬಲಗಡೆಯಿಂದ ತೂರಿಸಿ, ಒಳಗೆ ಮೊದಲ ಕ್ಯಾಮ್ ಪೋಣಿಸಿ, ಆಮೇಲೆ ಎರಡನೆಯದು, ಆಮೇಲೆ ಎಡಗಡೆಯ ತೂತು. ಕ್ಯಾಮ್ ಸಡಿಲವಿದ್ದರೆ ಶಾಫ್ಟ್‌ಗೆ ಕಾಗದದ ಟೇಪ್ ಒಂದು ಸುತ್ತು ಸುತ್ತಿ. ಎಡಗಡೆಯ ಒಳಗೋಡೆಯಿಂದ ಕ್ಯಾಮ್‌ಗಳ ನಡು 75 ಮತ್ತು 105 ಮಿ.ಮೀ.ಗೆ ಬರಲಿ. ಎರಡರ ಅಂಚೂ ಒಂದೇ ದಿಕ್ಕಿಗೆ ಏರುವಂತಿರಲಿ, ಆದರೆ ಒಂದರ ಮೂಲೆ ಮೇಲಿದ್ದಾಗ ಇನ್ನೊಂದರದು ನೇರ ಕೆಳಗಿರಲಿ.

ನಟ್ ಇರುವುದರಿಂದ ಒನಕೆಗಳನ್ನು ಮುಚ್ಚಳದ ಕೆಳಗಿನಿಂದಲೇ ತೂರಿಸಬೇಕು. ಮುಚ್ಚಳ ಕೂರಿಸಿ, ಒನಕೆ ಕ್ಯಾಮ್ ಮೇಲೆ ನಿಂತಿದೆಯಾ ನೋಡಿ. ಗೊಂಬೆ ಇನ್ನೂ ಹಾಕಬೇಡಿ. ಹ್ಯಾಂಡಲ್ ತಿರುಗಿಸಿ. ಎರಡು ಕಡ್ಡಿಗಳೂ ಸರಾಗವಾಗಿ ಎದ್ದು ಟಕ್ ಟಕ್ ಅಂತ ಬೀಳಬೇಕು. ಇದು ಆಗುವವರೆಗೆ ಮುಂದೆ ಹೋಗಬೇಡಿ. ಬರೀ ಕಡ್ಡಿಯೇ ಬೀಳದಿದ್ದರೆ ಕೈ ಸಿಕ್ಕಿಸಿದ ಮೇಲೆ ಬೀಳುತ್ತದೆಯೇ?

ಆಮೇಲೆ ಒಬ್ಬೊಬ್ಬರನ್ನೇ ನಿಲ್ಲಿಸಿ. ಭುಜದ ತೂತು ಹತ್ತಿರದ ಒನಕೆಯಿಂದ ಅಡ್ಡಕ್ಕೆ 44 ಮಿ.ಮೀ. ದೂರದಲ್ಲಿರಲಿ. ಪಾದದಡಿ ಎರಡು ಬಿದಿರು ಗೂಟ ಹಾಕಿದರೆ ಅಂಟಿಲ್ಲದೆಯೂ ನಿಲ್ಲುತ್ತಾರೆ. ಎರಡು ಕೈಗಳು ಮೈಯ ಎರಡು ಕಡೆ, ನಡುವೆ ಒನಕೆ, ಅಡ್ಡಕ್ಕೆ ಪಿನ್. ಒನಕೆ ತನ್ನಷ್ಟಕ್ಕೆ ಸುತ್ತದಂತೆ ತಡೆಯುವುದೂ ಈ ಕೈಗಳೇ.

ಎಲ್ಲ ಸರಿಯಾದ ಮೇಲೆ ಕ್ಯಾಮ್‌ಗಳನ್ನು ಶಾಶ್ವತವಾಗಿ ಕೂರಿಸಿ. ಬರೀ ಅಂಟನ್ನು ನಂಬಬೇಡಿ. ಕ್ಯಾಮ್ ಮತ್ತು ಶಾಫ್ಟ್ ಸೇರುವ ಗೆರೆಯ ಮೇಲೇ, ಅರ್ಧ ಕ್ಯಾಮ್‌ನಲ್ಲಿ ಅರ್ಧ ಶಾಫ್ಟ್‌ನಲ್ಲಿ ಬರುವಂತೆ, ಶಾಫ್ಟ್‌ನ ಉದ್ದಕ್ಕೆ 3 ಮಿ.ಮೀ. ತೂತು ಕೊರೆದು ಬಿದಿರು ಕಡ್ಡಿ ಹೊಡೆಯಿರಿ. ಆಮೇಲೆ ಕ್ಯಾಮ್ ಜಾರುವ ಮಾತೇ ಇಲ್ಲ. ಡ್ರಿಲ್ ಹೋಗಲು ಜಾಗ ಬೇಕಲ್ಲ, ಅದಕ್ಕೆ ಕ್ಯಾಮ್‌ಗಳ ಜಾಗ ಮತ್ತು ಕೋನವನ್ನು ಪೆನ್ಸಿಲ್‌ನಲ್ಲಿ ಗುರುತಿಸಿ, ಶಾಫ್ಟ್ ಹೊರತೆಗೆದು ಎರಡೂ ಕ್ಯಾಮ್‌ಗಳಿಗೆ ಹೊರಗೇ ಕಡ್ಡಿ ಹೊಡೆಯಿರಿ. ಕ್ಯಾಮ್ ಕೂತ ಶಾಫ್ಟನ್ನು ಪೆಟ್ಟಿಗೆಯ ಒಳಗಿನಿಂದ ಓರೆಯಾಗಿ ತೂರಿಸಲು ಆಗುವುದಿಲ್ಲ, ಅದಕ್ಕೆ ಅಂಟು ಹಾಕದೆ ಬಿಟ್ಟ ಎಡಗಡೆಯ ಹಲಗೆಯನ್ನು ಬಿಚ್ಚಿ ಜೋಡಿಸಿ. ನನಗೆ ಇದೇ ಹೆಚ್ಚು ಇಷ್ಟ. ಪೂರ್ತಿ ಬಿಚ್ಚಲು ಬರುವ ಗೊಂಬೆ ಬಹಳ ಕಾಲ ಬಾಳುತ್ತದೆ.

ಹ್ಯಾಂಡಲ್‌ನಲ್ಲಿ ಶಾಫ್ಟ್‌ನಿಂದ ಗೂಟಕ್ಕೆ 50 ಮಿ.ಮೀ. ಇರಲಿ. ಶಾಫ್ಟ್‌ಗೆ ಅಡ್ಡ ಬಿದಿರು ಪಿನ್ ಹಾಕಿ. ಗೂಟ ತನ್ನ ಸ್ಕ್ರೂ ಮೇಲೆ ತಿರುಗುವಂತಿರಲಿ, ಇಲ್ಲದಿದ್ದರೆ ಬೆರಳು ಉಜ್ಜುತ್ತದೆ. ತಿರುಗಿಸುವ ದಿಕ್ಕಿಗೆ ಪೆಟ್ಟಿಗೆಯ ಮೇಲೆ ಬಾಣದ ಗುರುತು ಹಾಕಿ. ಹಿಂದಕ್ಕೆ ತಿರುಗದ ಹಾಗೆ ಹಲ್ಲಿನ ಚಕ್ರ, ಬಿದಿರಿನ ಕೊಂಡಿ ಹಾಕಬಹುದು. ಆದರೆ ಅದರ ಕಟಕಟ ಸದ್ದು ಒನಕೆಯ ಸದ್ದನ್ನು ಮುಚ್ಚಿಬಿಡುತ್ತದೆ. ಬಾಣವೇ ವಾಸಿ.

ಸಿಕ್ಕಿಕೊಂಡರೆ

ಒನಕೆ ಮೇಲೆ ಹೋಗಿ ಅಲ್ಲೇ ನಿಂತರೆ ಮೊದಲು ಕೈಗಳ ಪಿನ್ ತೆಗೆದು ನೋಡಿ. ಆಗ ಬಿದ್ದರೆ ತಪ್ಪು ಕೈಯದ್ದು: ಸೀಳು ಚಿಕ್ಕದಿರಬಹುದು, ಮಣಿ ಬಿಗಿಯಾಗಿರಬಹುದು. ಆಗಲೂ ಬೀಳದಿದ್ದರೆ ತೂತಿನದ್ದು. ಕಡ್ಡಿಗೆ ಪೆನ್ಸಿಲ್ ಸೀಸದ ಪುಡಿ ಸವರಿ ನಾಲ್ಕು ಸಲ ಮೇಲೆ ಕೆಳಗೆ ಓಡಿಸಿ ಹೊರತೆಗೆಯಿರಿ. ಎಲ್ಲಿ ಉಜ್ಜುತ್ತಿದೆಯೋ ಅಲ್ಲಿ ಸೀಸ ಮಿರಮಿರ ಹೊಳೆಯುತ್ತದೆ. ಅಷ್ಟನ್ನೇ ಕಾಗದದಿಂದ ಉಜ್ಜಿ. ಸೀಸದ ಪುಡಿಯೇ ಒಳ್ಳೆ ಜಾರುಪುಡಿ ಕೂಡ. ಎಣ್ಣೆ ಮಾತ್ರ ಹಾಕಬೇಡಿ. ಮರ ಅದನ್ನು ಕುಡಿಯುತ್ತದೆ, ಧೂಳು ಸೇರಿ ಅಂಟಂಟಾಗುತ್ತದೆ.

ಹ್ಯಾಂಡಲ್ ಒಂದು ಜಾಗದಲ್ಲಿ ಮಾತ್ರ ಭಾರ ಅನ್ನಿಸಿದರೆ ಕ್ಯಾಮ್ ಅಂಚಿನಲ್ಲಿ ಉಬ್ಬು ಇದೆ. ಎಲ್ಲ ಕಡೆ ಭಾರವಿದ್ದರೆ ಶಾಫ್ಟ್‌ನ ತೂತು ಬಿಗಿ. ಒನಕೆ ಬಿದ್ದರೂ ಸದ್ದು ಬರದಿದ್ದರೆ ನೀವು ಜೋರಾಗಿ ತಿರುಗಿಸುತ್ತಿದ್ದೀರಿ. ಒನಕೆಗೆ 22 ಮಿ.ಮೀ. ಬೀಳಲು ಒಂದು ಸೆಕೆಂಡಿನ ಹದಿನೈದನೇ ಒಂದು ಭಾಗದಷ್ಟು ಹೊತ್ತು ಬೇಕು. ಅಷ್ಟರಲ್ಲಿ ಕ್ಯಾಮ್ ಮತ್ತೆ ಏರತೊಡಗಿದರೆ ಪೆಟ್ಟು ಮೆತ್ತಗಾಗುತ್ತದೆ. ಸೆಕೆಂಡಿಗೆ ಒಂದು ಸುತ್ತು ಚೆಂದ. ಕುಟ್ಟುವ ಪದ ಹೇಳಿಕೊಂಡು ತಿರುಗಿಸಿದರೆ ವೇಗ ತಾನಾಗಿಯೇ ಸರಿಹೋಗುತ್ತದೆ.

ಬಣ್ಣ

ಉಜ್ಜಾಡುವ ಜಾಗಗಳಿಗೆ ಬಣ್ಣ ಬೇಡ: ಒನಕೆ, ಶಾಫ್ಟ್, ಕ್ಯಾಮ್ ಅಂಚು, ಕೈಯ ಒಳಮೈ. ಉಳಿದದ್ದಕ್ಕೆ ಅಕ್ರಿಲಿಕ್ ತೆಳುವಾಗಿ ಹಚ್ಚಿ. ಸೀರೆಗೆ ಎರಡು ಬಣ್ಣ, ಅಂಚು ಬೇರೆ. ಚನ್ನಪಟ್ಟಣದ ಅರಗಿನ ಹೊಳಪು ಬರುವುದು ಲೇಥ್ ಮೇಲೆ ಸುತ್ತುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ. ಆ ಬಿಸಿಗೆ ಅರಗು ಕರಗಿ ಹಿಡಿಯುತ್ತದೆ, ಮೇಲೆ ಕೇದಗೆ ಗರಿಯಿಂದ ತಿಕ್ಕಿ ಮಿಂಚಿಸುತ್ತಾರೆ. ಒರಳನ್ನು ಲೇಥ್‌ನಲ್ಲಿ ಮಾಡಿಸಿದರೆ ಅದಕ್ಕೆ ಇದನ್ನೇ ಮಾಡಿಸಿ. ಚಪ್ಪಟೆ ತುಂಡುಗಳಿಗೆ ಫ್ರೆಂಚ್ ಪಾಲಿಶ್ ಸಾಕು.

ಅದೇ ಪೆಟ್ಟಿಗೆಯಲ್ಲಿ ಬೇರೆ ಕತೆ

ಪೆಟ್ಟಿಗೆ, ಶಾಫ್ಟ್ ಹಾಗೇ ಇಟ್ಟುಕೊಂಡು ಕ್ಯಾಮ್ ಬದಲಿಸಿದರೆ ಬೇರೆ ಗೊಂಬೆ. ಒಂದು ಸುತ್ತಿನಲ್ಲಿ ಎರಡು ಸಲ ಬೀಳಿಸುವ ಕ್ಯಾಮ್ ಹಾಕಿದರೆ ಕಮ್ಮಾರನ ಸುತ್ತಿಗೆ. ಪಕ್ಕಕ್ಕೆ ತೂತಿರುವ ದುಂಡು ಬಿಲ್ಲೆ ಹಾಕಿದರೆ ತೊಟ್ಟಿಲು, ದೋಣಿ.

ನನಗೆ ಎಲ್ಲಕ್ಕಿಂತ ಆಸೆ ಹುಟ್ಟಿಸುವುದು ಚಿತ್ರದುರ್ಗದ ಒನಕೆ ಓಬವ್ವ. ಒಂದು ಕ್ಯಾಮ್ ಕಿಂಡಿಯಿಂದ ಹೈದರಾಲಿಯ ಸೈನಿಕನ ತಲೆಯನ್ನು ಮೇಲೆ ತರುತ್ತದೆ, ಇನ್ನೊಂದು ಓಬವ್ವನ ಒನಕೆಯನ್ನು ಬೀಳಿಸುತ್ತದೆ. ಇಲ್ಲಿ ಎರಡು ಕ್ಯಾಮ್‌ಗಳ ನಡುವಿನ ಕೋನವೇ ಎಲ್ಲ. ತಲೆ ಪೂರ್ತಿ ಮೇಲೆ ಬಂದು, 30 ಡಿಗ್ರಿಯಷ್ಟು ಹೊತ್ತು ಆ ಕಡೆ ಈ ಕಡೆ ನೋಡುವಂತೆ ನಿಲ್ಲಬೇಕು. ಒನಕೆ ಬೀಳಬೇಕಾದದ್ದು ಆ ಹೊತ್ತಿನ ಕೊನೆಗೆ. ತಲೆ ಇಳಿಯುವುದು ಒನಕೆ ಬಿದ್ದ ಮೇಲೆ ಒಂದು ಕೂದಲಷ್ಟು ತಡವಾಗಿ, ಐದಾರು ಡಿಗ್ರಿ ಸಾಕು. ಮೊದಲೇ ಇಳಿದರೆ ಸೈನಿಕ ತಪ್ಪಿಸಿಕೊಂಡ ಹಾಗೆ ಕಾಣುತ್ತದೆ. ಕ್ಯಾಮ್‌ಗಳನ್ನು ಟೇಪ್ ಸುತ್ತಿದ ಶಾಫ್ಟ್ ಮೇಲೆ ಬೆರಳಿನಿಂದ ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಆ ಕೋನ ಹುಡುಕಿ, ಸಿಕ್ಕಿದ ಮೇಲೆ ಪೆನ್ಸಿಲ್ ಗುರುತು ಹಾಕಿ, ಬಿದಿರು ಪಿನ್ ಹೊಡೆಯಿರಿ.